‘ಹುಷಾರಾಗಿರು’ ಎಂದರೆ ಸಾಲದು

2014ರ ಜನವರಿ 11ರಂದು ಮುಂಬಯಿಯ ಘಾಟ್ಕೋಪರ್ ನಿಲ್ದಾಣದಲ್ಲಿ, ಹೊರಟ ಲೋಕಲ್ ರೈಲು ಹತ್ತಲು ಹೋದ 16 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕಾಲು ಜಾರಿ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಸಂದಿಯಲ್ಲಿ ಬಿದ್ದಳು. ಎರಡೂ ಕೈಗಳು ಹೋದವು. ಆರೂವರೆ ವರ್ಷ ಕಳೆದು, 2020ರ ಆಗಸ್ಟ್‌ನಲ್ಲಿ, ಪರೇಲ್‌ನ ಗ್ಲೋಬಲ್ ಆಸ್ಪತ್ರೆಯ ವೈದ್ಯರು ಚೆನ್ನೈಯಿಂದ ವಿಮಾನದಲ್ಲಿ ತರಿಸಿದ ದಾನಿಯ ಕೈಗಳನ್ನು ಅವಳಿಗೆ ಜೋಡಿಸಿದರು. ಇಂಥ ಅವಘಡದ ಸುದ್ದಿ ಕಿವಿಗೆ ಬಿದ್ದಾಗ ಮನಸ್ಸಿನಲ್ಲಿ ಎರಡು ಪ್ರಶ್ನೆ ಏಳಬಹುದು. ಹೊರಟ ಗಾಡಿಯನ್ನು ಅವಳು ಏಕೆ ಹತ್ತಹೋದಳು ಎಂಬುದು ಮೊದಲನೆಯದು. ಹೆತ್ತವರು, ಮೇಷ್ಟ್ರುಗಳು, ನೆರೆಹೊರೆಯವರು ಕೇಳುವುದು ಇದನ್ನೇ. ಒಬ್ಬ ಮನುಷ್ಯ ಇಡಿಯಾಗಿ ಜಾರಿಹೋಗುವಷ್ಟು ದೊಡ್ಡ ಸಂದಿ ಅಲ್ಲಿ ಏಕಿತ್ತು ಎಂಬುದು ಎರಡನೆಯದು. ಬಾಂಬೆ ಹೈಕೋರ್ಟ್ ಹಿಡಿದದ್ದು ಈ ಎರಡನೆಯ ಪ್ರಶ್ನೆಯನ್ನು. ರೈಲ್ವೆಯನ್ನು ಅದು ಬೆನ್ನುಹತ್ತಿತು. ಮುಂದಿನ ವರ್ಷಗಳಲ್ಲಿ ಉಪನಗರ ಮಾರ್ಗದ ಪ್ಲಾಟ್‌ಫಾರ್ಮುಗಳನ್ನು 900 ಮಿಲಿಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸುವ ಕೆಲಸ ನಡೆಯಿತು. ಅಂದಿನಿಂದ ಅಲ್ಲಿ ಗಾಡಿ ಹತ್ತಿದ ಲಕ್ಷಾಂತರ ಮಂದಿಗೆ ತಾವು ಕಾಲಿಡುತ್ತಿರುವ ನೆಲ ಕೆಲವು ಅಂಗುಲ ಮೇಲೆ ಬಂದಿದೆ ಎಂಬುದು ಗೊತ್ತೂ ಇಲ್ಲ. ಗೊತ್ತಿರದಿದ್ದರೂ ಅದು ಅವರನ್ನು ಕಾಯುತ್ತದೆ.

ವಿದ್ಯಾರ್ಥಿಗಳ ಸುರಕ್ಷತೆಯ ಬಗ್ಗೆ ನಾವು ಆಡುವ ಮಾತೆಲ್ಲ ಈ ಮೊದಲ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಹುಷಾರಾಗಿರು, ಬ್ಯಾಗು ಮುಂದಕ್ಕೆ ಹಾಕಿಕೋ, ಮೊಬೈಲು ಹೊರಗೆ ತೆಗೆಯಬೇಡ, ಕತ್ತಲಾಗುವ ಮುಂಚೆ ಮನೆ ಸೇರು. ಈ ಬುದ್ಧಿವಾದ ತಪ್ಪೆಂದು ಯಾರೂ ಹೇಳಲಾರರು. ಆದರೆ ಅದರ ಕೆಳಗೆ ಒಂದು ನಂಬಿಕೆ ಅಡಗಿದೆ: ಎಚ್ಚರವಾಗಿದ್ದವನಿಗೆ ಏನೂ ಆಗದು, ಆದದ್ದೆಲ್ಲ ಎಚ್ಚರ ತಪ್ಪಿದವನಿಗೇ. ಈ ನಂಬಿಕೆಯನ್ನು ಬಿಡಬೇಕೆಂಬುದು ಈ ಲೇಖನದ ವಾದ. ಎಚ್ಚರಕ್ಕೆ ಮಿತಿಯಿದೆ, ಅದು ದಣಿಯುತ್ತದೆ, ಹಸಿವಿಗೆ, ನಿದ್ದೆಗೆಟ್ಟ ಪರೀಕ್ಷೆಯ ದಿನಗಳಿಗೆ, ತಲೆ ತುಂಬಿದ ಯೋಚನೆಗೆ ಸೋಲುತ್ತದೆ. ವಿದ್ಯಾರ್ಥಿಯನ್ನೂ ಅವನ ವಸ್ತುಗಳನ್ನೂ ನಿಜವಾಗಿ ಕಾಯುವುದು ಮೊದಲೇ ಮಾಡಿಟ್ಟ ಏರ್ಪಾಡು. ಆ ಏರ್ಪಾಡಿನ ಕೆಲವು ಭಾಗ ವಿದ್ಯಾರ್ಥಿಯ ಕೈಯಲ್ಲಿದೆ, ದೊಡ್ಡ ಭಾಗ ಕಾಲೇಜು, ಪೊಲೀಸ್, ರೈಲ್ವೆ, ಮನೆ ಬಾಡಿಗೆಗೆ ಕೊಡುವವರ ಕೈಯಲ್ಲಿದೆ. ಮೊದಲನೆಯದನ್ನು ಒಂದೆರಡು ದಿನದಲ್ಲಿ ಮುಗಿಸಬಹುದು. ಎರಡನೆಯದನ್ನು ಕೇಳಿ ಪಡೆಯಬೇಕು.

ಈ ವಾದಕ್ಕೆ ಘಾಟ್ಕೋಪರ್‌ಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಸೆಂಟ್ರಲ್ ರೈಲ್ವೆಯ ಮುಖ್ಯ ಮಾರ್ಗ ಮೊದಲೇ ಇತ್ತು. 2014ರ ಜೂನ್ 8ರಂದು ವರ್ಸೋವಾದಿಂದ ಬರುವ ಮೆಟ್ರೊದ ಮೊದಲ ಮಾರ್ಗ ಇಲ್ಲಿಗೆ ಬಂದು ಮುಗಿಯಿತು. ಪಶ್ಚಿಮದ ಉಪನಗರಗಳಿಂದ ಪೂರ್ವಕ್ಕೆ, ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಜನವೆಲ್ಲ ಇದೇ ಮೆಟ್ಟಿಲುಗಳ ಮೇಲೆ ಎದುರುಬದುರಾಗುತ್ತಾರೆ. ಅವರಲ್ಲಿ ವಿದ್ಯಾರ್ಥಿಗಳು ಬಹಳ. 1963ರಲ್ಲಿ ಆರಂಭವಾದ ರಾಮನಿರಂಜನ್ ಝುನ್‌ಝುನ್‌ವಾಲಾ ಕಾಲೇಜು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಒಂದು ಸ್ಟೇಷನ್ ಆಚೆ ವಿದ್ಯಾವಿಹಾರದಲ್ಲಿ ಸೋಮಯ್ಯ ಸಂಸ್ಥೆಗಳ ದೊಡ್ಡ ಆವರಣವಿದೆ, 2019ರಿಂದ ಅದು ವಿಶ್ವವಿದ್ಯಾಲಯವೂ ಹೌದು. ಪೊವಾಯಿಯ ಐಐಟಿ, ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಇದು ಹಾದುಹೋಗುವ ದಾರಿ. ಕರ್ನಾಟಕದ ಕರಾವಳಿಯಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಓದಲು ಬರುವ ನಮ್ಮ ಮಕ್ಕಳು ಬೆಳಗಿನ ಹೊತ್ತು ಇಳಿಯುವ ಲೋಕಮಾನ್ಯ ತಿಲಕ್ ಟರ್ಮಿನಸ್ಸೂ ಇಲ್ಲಿಂದ ದೂರವಿಲ್ಲ. ಈ ಗರ್ದಿಯಲ್ಲಿ ಇಡೀ ದಿನ ಎಚ್ಚರವಾಗಿರು ಎಂದು ಹದಿನೆಂಟು ವರ್ಷದವರಿಗೆ ಹೇಳುವುದೆಂದರೆ ಯಾರಿಂದಲೂ ಆಗದ್ದನ್ನು ಕೇಳಿದಂತೆ.

ಮೊಬೈಲಿನಿಂದ ಶುರುಮಾಡೋಣ, ಏಕೆಂದರೆ ಇಂದಿನ ವಿದ್ಯಾರ್ಥಿಯ ಬಳಿ ಇರುವ ಅತಿ ಬೆಲೆಬಾಳುವ ವಸ್ತು ಅದು. ಲ್ಯಾಪ್‌ಟಾಪಿನ ಬೆಲೆ ಹೆಚ್ಚಿದ್ದರೂ ಅದರೊಳಗೆ ಬ್ಯಾಂಕು ಇಲ್ಲ, ರೈಲಿನ ಪಾಸು ಇಲ್ಲ, ಮನೆಯವರ ನಂಬರು ಇಲ್ಲ. ಮುಂಬಯಿ ಲೋಕಲ್‌ನಲ್ಲಿ ಮೊಬೈಲು ಕಳೆದುಕೊಳ್ಳುವ ದಾರಿಗಳು ಎರಡು. ಗರ್ದಿಯಲ್ಲಿ ಜೇಬಿನಿಂದಲೋ ಬ್ಯಾಗಿನಿಂದಲೋ ಎಗರಿಸುವುದು ಒಂದು. ಹಳಿಯ ಬದಿಯಲ್ಲಿ, ಕಂಬದ ಮರೆಯಲ್ಲಿ ನಿಂತು, ಬಾಗಿಲಲ್ಲಿ ನಿಂತವರ ಕೈಗೆ ಕೋಲಿನಿಂದ ಹೊಡೆದು ಬಿದ್ದ ಫೋನನ್ನು ಎತ್ತಿಕೊಂಡು ಓಡುವುದು ಇನ್ನೊಂದು. ‘ಫಟ್ಕಾ ಗ್ಯಾಂಗ್’ ಎಂಬ ಹೆಸರು ಪಡೆದ ಈ ಎರಡನೆಯ ಬಗೆಯಲ್ಲಿ ಫೋನಿಗಿಂತ ದೊಡ್ಡ ಅಪಾಯವಿದೆ. ಹೊಡೆತಕ್ಕೆ ಹಿಡಿತ ತಪ್ಪಿ ಗಾಡಿಯಿಂದ ಬಿದ್ದು ಕೈಕಾಲು ಕಳೆದುಕೊಂಡವರಿದ್ದಾರೆ. ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡಬೇಡಿ ಎಂಬ ಒಂದು ಬುದ್ಧಿವಾದವನ್ನು ಮಾತ್ರ ಯಾವ ವಿನಾಯಿತಿಯೂ ಇಲ್ಲದೆ ಪಾಲಿಸಲೇಬೇಕು. ಉಳಿದಂತೆ, ಫೋನು ಎಂದಾದರೂ ಹೋಗಬಹುದು ಎಂದು ಒಪ್ಪಿಕೊಂಡು, ಹೋದ ದಿನ ಅದರೊಂದಿಗೆ ಬೇರೇನೂ ಹೋಗದಂತೆ ನೋಡಿಕೊಳ್ಳುವುದೇ ಜಾಣತನ.

ಇಲ್ಲಿ ಬಹುತೇಕರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಜೇಬಿನಿಂದ ಕದ್ದ ಫೋನು ಸಾಮಾನ್ಯವಾಗಿ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ. ಕೈಯಿಂದ ಕಸಿದ ಫೋನು ತೆರೆದೇ ಇರುತ್ತದೆ. ತೆರೆದ ಫೋನಿನಲ್ಲಿ ಇಮೇಲ್ ಇದೆ, ಇಮೇಲ್ ಮೂಲಕ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸಬಹುದು. ಬೀಗ ಹಾಕಿದ ಫೋನಾದರೂ ಸರಿ, ಅದರ ಸಿಮ್ ತೆಗೆದು ಬೇರೊಂದು ಸಾಧಾರಣ ಸೆಟ್ಟಿಗೆ ಹಾಕಿದರೆ ಬ್ಯಾಂಕಿನ ಒಟಿಪಿ ಅಲ್ಲಿಗೇ ಬರುತ್ತದೆ. ಸಿಮ್ಮಿಗೇ ಪಿನ್ ಹಾಕಿಡುವುದು ಇದಕ್ಕೆ ಮದ್ದು. ಪ್ರತಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವಿದೆ. ಪಿನ್ ಮೂರು ಸಲ ತಪ್ಪಿದರೆ ಸಿಮ್ ಬಂದ್ ಆಗಿ, ಮೊಬೈಲ್ ಕಂಪನಿಯಿಂದ ಪಿಯುಕೆ ಎಂಬ ಸಂಖ್ಯೆ ಪಡೆಯಬೇಕಾಗುತ್ತದೆ, ಆದ್ದರಿಂದ ಕಂಪನಿ ಮೊದಲೇ ಇಟ್ಟಿರುವ ಪಿನ್ ಯಾವುದೆಂದು ಕೇಳಿಕೊಂಡು ಬದಲಿಸಬೇಕು. ಕಸಿದುಕೊಂಡು ಓಡುವ ಚಲನೆಯನ್ನು ಗುರುತಿಸಿ ತಾನೇ ಪರದೆಗೆ ಬೀಗ ಹಾಕಿಕೊಳ್ಳುವ ವ್ಯವಸ್ಥೆಯನ್ನು ಗೂಗಲ್ 2024ರಲ್ಲಿ ಪ್ರಕಟಿಸಿತು. ಅದೇ ವರ್ಷ ಆಪಲ್, ಕದ್ದ ಫೋನಿನಲ್ಲಿ ಮುಖ್ಯ ಪಾಸ್‌ವರ್ಡ್‌ಗಳನ್ನು ಬದಲಿಸಲಾಗದಂತೆ ಮಾಡುವ ರಕ್ಷಣೆ ತಂದಿತು. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಚಾಲೂ ಇವೆಯೇ ಎಂದು ನೋಡಿಕೊಳ್ಳಬೇಕು. ಫೋನಿನ ಡಯಲ್ ಪರದೆಯಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನೂ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಸೀರಿಯಲ್ ನಂಬರನ್ನೂ ಖರೀದಿ ಬಿಲ್ಲಿನ ಮೇಲೆ ಬರೆದು, ಬಿಲ್ಲಿನ ಒಂದು ಪ್ರತಿಯನ್ನು ಊರಿನ ಮನೆಯಲ್ಲಿ ಇಡಬೇಕು. ಮನೆಯವರ ಎರಡು ನಂಬರುಗಳನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಇದಿಷ್ಟಕ್ಕೂ ಒಂದು ಭಾನುವಾರದ ಮಧ್ಯಾಹ್ನ ಸಾಕು. ಆಮೇಲಿನ ಮೂರು ವರ್ಷ ಇದರ ಕಡೆ ತಲೆ ಹಾಕಬೇಕಾಗಿಲ್ಲ.

ಫೋನು ಹೋದ ಮೇಲೆ ಠಾಣೆಗೆ ಹೋಗಬೇಕೇ ಎಂಬಲ್ಲಿ ದೊಡ್ಡ ಆಕ್ಷೇಪ ಬರುತ್ತದೆ. ಹೋದದ್ದು ಹೋಯಿತು, ಪೊಲೀಸರು ಹುಡುಕುವುದಿಲ್ಲ, ಅಲ್ಲಿ ಅರ್ಧ ದಿನ ಕಳೆಯುವುದಕ್ಕಿಂತ ಹೊಸದನ್ನು ಕಂತಿನಲ್ಲಿ ಕೊಳ್ಳುವುದೇ ಮೇಲು ಎಂದು ಬಹಳ ಮಂದಿ ಹೇಳುತ್ತಾರೆ. ಈ ನಿರಾಸೆಗೆ ಕಾರಣ ಇಲ್ಲದಿಲ್ಲ. ಮುಂಬಯಿಯ ರೈಲ್ವೆ ಪೊಲೀಸರು 2010ರ ದಶಕದ ಮಧ್ಯದವರೆಗೂ ಕಳವಾದ ಮೊಬೈಲುಗಳಲ್ಲಿ ಬಹುಪಾಲನ್ನು ‘ಕಾಣೆಯಾಗಿದೆ’ ಎಂದು ಬರೆದುಕೊಳ್ಳುತ್ತಿದ್ದರು. ಕಾಣೆಯಾದ ವಸ್ತುವಿಗೆ ಎಫ್‌ಐಆರ್ ಬೇಡ, ತನಿಖೆಯೂ ಬೇಡ. ಇವನ್ನು ಕಳವೆಂದೇ ದಾಖಲಿಸಬೇಕೆಂಬ ಆದೇಶ ಬಂದ ಮೇಲೆ ಅಂಕಿ ಅಂಶಗಳಲ್ಲಿ ಮೊಬೈಲು ಕಳ್ಳತನ ಹಲವು ಪಟ್ಟು ಏರಿತು. ನಗರದಲ್ಲಿ ಹಠಾತ್ತಾಗಿ ಕಳ್ಳರು ಹೆಚ್ಚಿರಲಿಲ್ಲ. ಮೊದಲಿನಿಂದಲೂ ಇದ್ದ ಕಳ್ಳತನ ಕಾಗದದ ಮೇಲೆ ಕಾಣತೊಡಗಿತ್ತು. ಯಾವ ನಿಲ್ದಾಣದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಡಬ್ಬಿಯಲ್ಲಿ ಹೆಚ್ಚು ಫೋನು ಹೋಗುತ್ತವೆ ಎಂಬುದು ಕಾಗದಕ್ಕೆ ಬಂದರೆ ಮಾತ್ರ ಅಲ್ಲಿ ಕ್ಯಾಮೆರಾ ಬರುತ್ತದೆ, ಸಿಪಾಯಿ ನಿಲ್ಲುತ್ತಾನೆ. ದೂರು ಕೊಡದ ಪ್ರತಿಯೊಬ್ಬ ವಿದ್ಯಾರ್ಥಿ ಆ ಕಾಗದದಿಂದ ಒಂದು ಸಾಲನ್ನು ಅಳಿಸಿದಂತಾಗುತ್ತದೆ.

ದೂರಿನಿಂದ ಕೊಟ್ಟವನಿಗೂ ನೇರ ಪ್ರಯೋಜನವಿದೆ. ಕಳೆದ ಫೋನನ್ನು ದೇಶದ ಯಾವ ನೆಟ್‌ವರ್ಕ್‌ನಲ್ಲೂ ನಡೆಯದಂತೆ ಮಾಡುವ ಸಿಇಐಆರ್ ಎಂಬ ವ್ಯವಸ್ಥೆ 2019ರ ಸೆಪ್ಟೆಂಬರ್‌ನಲ್ಲಿ ಮೊದಲು ಮಹಾರಾಷ್ಟ್ರಕ್ಕೆಂದು ಮುಂಬಯಿಯಲ್ಲೇ ಆರಂಭವಾಯಿತು; 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಎಂಬ ಹೆಸರಿನಡಿ ಇಡೀ ದೇಶಕ್ಕೆ ತೆರೆಯಿತು. ಅದಕ್ಕೆ ಬೇಕಾದದ್ದು ಐಎಂಇಐ ಸಂಖ್ಯೆ ಮತ್ತು ಪೊಲೀಸ್ ದೂರಿನ ಪ್ರತಿ. ಕದ್ದ ಫೋನಿನಿಂದ ಯಾರಾದರೂ ಮೋಸದ ಕರೆ ಮಾಡಿದರೆ, ಆ ಹೊತ್ತಿಗೆ ಫೋನು ತನ್ನ ಕೈಯಲ್ಲಿರಲಿಲ್ಲ ಎಂದು ತೋರಿಸಲು ವಿದ್ಯಾರ್ಥಿಗೆ ಇರುವ ಆಧಾರವೂ ಅದೇ ಪ್ರತಿ. ಇನ್ನೊಂದು ವಿಷಯ ತಿಳಿದಿರಬೇಕು: ಅದೇ ನಂಬರಿಗೆ ಹೊಸ ಸಿಮ್ ಪಡೆದಾಗ ಮೊದಲ 24 ಗಂಟೆ ಎಸ್‌ಎಂಎಸ್ ನಡೆಯುವುದಿಲ್ಲ. ಕಳ್ಳರು ನಕಲಿ ಸಿಮ್ ಮಾಡಿಸಿ ಹಣ ದೋಚದಿರಲೆಂದು ಇಟ್ಟ ನಿಯಮವಿದು, ಆದರೆ ಆ ಒಂದು ದಿನ ಒಟಿಪಿಯೂ ಬರದು, ಯುಪಿಐಯೂ ನಡೆಯದು. ಕೋಣೆಯಲ್ಲಿ ಎಲ್ಲಾದರೂ ಐನೂರು, ಸಾವಿರ ರೂಪಾಯಿ ನಗದು ಇಟ್ಟುಕೊಂಡಿರಬೇಕು ಎನ್ನುವುದು ಇದಕ್ಕೇ.

ಠಾಣೆಯಿಂದ ಠಾಣೆಗೆ ಅಲೆದಾಡಿಸುತ್ತಾರೆ ಎಂಬ ದೂರು ಘಾಟ್ಕೋಪರ್‌ನಂಥ ಕಡೆ ಇನ್ನೂ ಅರ್ಥವಾಗುವಂಥದ್ದು. ಹಳಿಯ ಪಶ್ಚಿಮಕ್ಕೆ ಒಂದು ಠಾಣೆ, ಪೂರ್ವಕ್ಕೆ ಪಂತನಗರ ಠಾಣೆ, ಸ್ವಲ್ಪ ದಕ್ಷಿಣಕ್ಕೆ ತಿಲಕನಗರ ಠಾಣೆ, ರೈಲಿನೊಳಗೆ ಆದದ್ದಕ್ಕೆ ಬೇರೆಯೇ ರೈಲ್ವೆ ಪೊಲೀಸರು. ಸೇತುವೆಯ ಮೇಲೆ ಹೋಯಿತೋ ಡಬ್ಬಿಯೊಳಗೋ ಎಂದು ಗೊತ್ತಿಲ್ಲದ ಹುಡುಗಿ ಎಲ್ಲಿಗೆ ಹೋಗಬೇಕು? ಕಾನೂನು ಈಗ ಸ್ಪಷ್ಟವಾಗಿದೆ. ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎನ್ನುತ್ತದೆ. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ ಮೂರು ದಿನದೊಳಗೆ ಹೋಗಿ ಸಹಿ ಹಾಕಿದರೆ ಆಯಿತು. ಕಸಿದುಕೊಂಡು ಓಡುವುದನ್ನು ಹೊಸ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಪ್ರತ್ಯೇಕ ಅಪರಾಧವೆಂದು ಗುರುತಿಸಿದೆ, ಮೂರು ವರ್ಷದವರೆಗೆ ಶಿಕ್ಷೆಯಿದೆ. ತುರ್ತು ಕರೆಗೆ ರೈಲಿನಲ್ಲಿದ್ದಾಗ 139, ಬೇರೆಲ್ಲಾದರೂ 112. ಈ ಕಾನೂನುಗಳ ಹೆಸರು ಹೇಳಿ ಮಾತಾಡುವ ವಿದ್ಯಾರ್ಥಿಗೆ ಠಾಣೆಯಲ್ಲಿ ಸಿಗುವ ಉತ್ತರವೇ ಬೇರೆ.

ಕದ್ದ ಮಾಲಿಗೆ ಗಿರಾಕಿ ಯಾರು ಎಂಬುದನ್ನೂ ಇಲ್ಲಿ ಹೇಳಬೇಕು. ಬಿಲ್ಲಿಲ್ಲದೆ, ಡಬ್ಬವಿಲ್ಲದೆ ಅರ್ಧ ಬೆಲೆಗೆ ಸಿಗುವ ಸೆಕೆಂಡ್ ಹ್ಯಾಂಡ್ ಫೋನನ್ನು ಕೊಳ್ಳುವವರಲ್ಲಿ ಕೈಯಲ್ಲಿ ಹಣ ಕಡಿಮೆ ಇರುವ ವಿದ್ಯಾರ್ಥಿಗಳೂ ಇದ್ದಾರೆ. ಕದ್ದದ್ದೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಅಪರಾಧ. ಸಂಚಾರ್ ಸಾಥಿಯಲ್ಲೇ ಐಎಂಇಐ ಹಾಕಿ ಫೋನಿನ ಪೂರ್ವಾಪರ ನೋಡಿಕೊಂಡು ಕೊಳ್ಳಬಹುದು. ಹಾಗೆ ನೋಡಿ ಕೊಳ್ಳುವವರು ಹೆಚ್ಚಿದಷ್ಟೂ ಕಸಿಯುವವನಿಗೆ ಸಿಗುವ ಬೆಲೆ ಇಳಿಯುತ್ತದೆ.

ಇನ್ನು ಹೆಣ್ಣುಮಕ್ಕಳ ವಿಷಯ. ಸುರಕ್ಷತೆಯ ಮಾತೆತ್ತಿದೊಡನೆ ಹಾಸ್ಟೆಲಿನ ಗೇಟಿಗೆ ಬೀಗ ಬೀಳುತ್ತದೆ, ಸಂಜೆಯ ಲೈಬ್ರರಿ ತಪ್ಪುತ್ತದೆ, ಪ್ರಾಜೆಕ್ಟಿನ ಕೆಲಸಕ್ಕೆ ಹುಡುಗರು ಮಾತ್ರ ಉಳಿಯುತ್ತಾರೆ. ಆದ್ದರಿಂದ ಏರ್ಪಾಡು ಎಂಬ ಮಾತು ಕೇಳಿದರೇ ಹಲವು ವಿದ್ಯಾರ್ಥಿನಿಯರಿಗೆ ಅನುಮಾನ. ಆ ಅನುಮಾನ ನ್ಯಾಯವಾದದ್ದು. 2023ರ ಜೂನ್‌ನಲ್ಲಿ ದಕ್ಷಿಣ ಮುಂಬಯಿಯ ಚರ್ನಿ ರೋಡ್ ಹತ್ತಿರದ ಸರ್ಕಾರಿ ಮಹಿಳಾ ಹಾಸ್ಟೆಲಿನಲ್ಲಿ, ತನ್ನದೇ ಕೋಣೆಯಲ್ಲಿ, 18 ವರ್ಷದ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಶಂಕಿತ ಆರೋಪಿ ಅದೇ ಹಾಸ್ಟೆಲಿನ ಕಾವಲುಗಾರ. ಅವನ ದೇಹ ರೈಲು ಹಳಿಯ ಮೇಲೆ ಸಿಕ್ಕಿತು. ಗೇಟು, ಗೋಡೆ, ಹೊತ್ತು ಗೊತ್ತಿನ ನಿಯಮ ಯಾವುದೂ ಅವಳನ್ನು ಕಾಯಲಿಲ್ಲ. ಬೇಕಾಗಿದ್ದದ್ದು ಒಳಗಿನವರ ಹಿನ್ನೆಲೆ ಪರಿಶೀಲನೆ, ಖಾಲಿಯಾಗುತ್ತಿರುವ ಮಹಡಿಯಲ್ಲಿ ಯಾರನ್ನೂ ಒಂಟಿಯಾಗಿ ಬಿಡಬಾರದೆಂಬ ನಿಯಮ, ಕಾವಲುಗಾರನ ಮೇಲೆ ದೂರಿದ್ದರೆ ಭಯವಿಲ್ಲದೆ ಹೇಳಲು ಒಂದು ಬಾಗಿಲು. ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಕ್ಯಾಂಪಸ್ಸಿನ ಒಳಗೂ ಹೊರಗೂ ವಿದ್ಯಾರ್ಥಿಗಳ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎತ್ತರದ ಗೋಡೆ, ಸಿಸಿಟಿವಿ, ಬಯೋಮೆಟ್ರಿಕ್ ಹಾಜರಿಯೂ ಇವೆ, ಆಪ್ತ ಸಲಹಾ ವ್ಯವಸ್ಥೆಯೂ ಇದೆ. ಕಾಲೇಜುಗಳು ಮೊದಲಿನದ್ದನ್ನು ಬೇಗ ಮಾಡುತ್ತವೆ, ಏಕೆಂದರೆ ಅದನ್ನು ಕೊಂಡು ತಂದು ಗೋಡೆಗೆ ಹಾಕಬಹುದು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ, ಅವರ ಫೋನ್ ನಂಬರೇನು ಎಂಬುದು ನೋಟಿಸ್ ಬೋರ್ಡಿನಲ್ಲಿ ಇದೆಯೇ ಎಂದು ನೋಡಿದರೆ ಆ ಸಂಸ್ಥೆಗೆ ಸುರಕ್ಷತೆ ಎಂದರೆ ಏನೆಂದು ತಿಳಿಯುತ್ತದೆ. ಕರ್ಫ್ಯೂ ಹಾಕುವುದು ಏರ್ಪಾಡಲ್ಲ. ಏರ್ಪಾಡು ಮಾಡದವರು ಅದರ ಜಾಗದಲ್ಲಿ ಇಡುವ ವಸ್ತು ಅದು. ಎಲ್ಲರನ್ನೂ ಏಳು ಗಂಟೆಯೊಳಗೆ ಹಾಸ್ಟೆಲಿಗೆ ಸೇರಿಸುವ ನಿಯಮ, ಲೋಕಲ್‌ನಲ್ಲಿ ಅತಿ ಹೆಚ್ಚು ಗರ್ದಿ ಇರುವ ಹೊತ್ತಿನಲ್ಲೇ ಅವರನ್ನು ಪ್ಲಾಟ್‌ಫಾರ್ಮಿಗೆ ತಳ್ಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಸ್ಟೆಲ್ ಸಿಗದವರು ಪಂತನಗರದ ಮ್ಹಾಡಾ (ಸರ್ಕಾರಿ ಗೃಹಮಂಡಳಿ) ಕಟ್ಟಡಗಳಲ್ಲೋ ಭಟವಾಡಿ, ಅಸಲ್ಫಾದ ಚಾಳುಗಳಲ್ಲೋ ಮೂರ್ನಾಲ್ಕು ಜನ ಸೇರಿ ಖೋಲಿ ಹಿಡಿಯುತ್ತಾರೆ. ಬ್ರೋಕರ್ ಮಾತಿನ ಮೇಲೆ ಡಿಪಾಸಿಟ್ ಕೊಟ್ಟು, ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರು ಆಮೇಲೆ ಮಾಡಿಕೊಂಡರಾಯಿತು ಎಂದು ಬಿಡುವುದು ಸಾಮಾನ್ಯ. ಮಹಾರಾಷ್ಟ್ರದ 1999ರ ಬಾಡಿಗೆ ಕಾನೂನಿನ ಪ್ರಕಾರ ಈ ಕರಾರನ್ನು ಬರವಣಿಗೆಯಲ್ಲಿ ಮಾಡಿ ನೋಂದಾಯಿಸುವ ಹೊಣೆ ಮಾಲೀಕನದು. ನೋಂದಣಿಯಾಗದಿದ್ದರೆ, ತಕರಾರು ಬಂದಾಗ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಮೇಲುಗೈ ಪಡೆಯುತ್ತದೆ, ಮಾಲೀಕ ಅದನ್ನು ಸುಳ್ಳೆಂದು ಸಾಬೀತುಪಡಿಸದ ಹೊರತು. ಈ ಒಂದು ಸಾಲು ಗೊತ್ತಿದ್ದರೂ ಡಿಪಾಸಿಟ್ ವಾಪಸು ಕೇಳುವ ದನಿ ಬದಲಾಗುತ್ತದೆ. ಹಿಂದಿನ ಬಾಡಿಗೆದಾರರ ಬಳಿ ಬೀಗದ ನಕಲು ಕೈ ಇರಬಹುದು. ನೂರಿನ್ನೂರು ರೂಪಾಯಿಯ ಹೊಸ ಬೀಗ ಎಲ್ಲ ಎಚ್ಚರಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮೂಲ ಅಂಕಪಟ್ಟಿಗಳು ಖೋಲಿಯಲ್ಲಿ ಇರಲೇಬಾರದು. ಪ್ರವೇಶದ ಹೊತ್ತಿನಲ್ಲಿ ಕಾಲೇಜು ಅವನ್ನು ನೋಡಿ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲೇ ಹೇಳಿದೆ. ಊರಿನ ಮನೆಯಲ್ಲಿ ಮೂಲ, ಡಿಜಿಲಾಕರ್‌ನಲ್ಲಿ ಪ್ರತಿ, ಕೈಯಲ್ಲಿ ಜೆರಾಕ್ಸ್. ಕಟ್ಟಡವನ್ನೂ ನೋಡಬೇಕು. 2017ರ ಜುಲೈ 25ರಂದು ಘಾಟ್ಕೋಪರ್‌ನ ಸಾಯಿ ಸಿದ್ಧಿ ಕಟ್ಟಡ ಕುಸಿದು 17 ಜನ ಸತ್ತರು. ನೆಲಮಹಡಿಯ ನರ್ಸಿಂಗ್ ಹೋಮಿನಲ್ಲಿ ನವೀಕರಣದ ಕೆಲಸ ನಡೆದಿತ್ತು, ಕಂಬಗಳಿಗೆ ಕೈಹಾಕಿದ್ದಾರೆಂಬ ಆರೋಪ ಬಂತು. 2024ರ ಮೇ 13ರ ಬಿರುಗಾಳಿಯಲ್ಲಿ ಅದೇ ಘಾಟ್ಕೋಪರ್‌ನ ಛೆಡಾ ನಗರದ ಪೆಟ್ರೋಲ್ ಪಂಪಿನ ಮೇಲೆ 120 ಅಡಿ ಅಗಲ, 120 ಅಡಿ ಎತ್ತರದ ಜಾಹೀರಾತು ಫಲಕ ಬಿದ್ದು ಮತ್ತೆ 17 ಜೀವ ಹೋದವು. ನಿಯಮದಂತೆ ಇರಬೇಕಾಗಿದ್ದ ಗರಿಷ್ಠ ಅಳತೆ 40 ಅಡಿ. ಪೆಟ್ರೋಲ್ ಹಾಕಿಸಲು ನಿಂತವರ ಎಚ್ಚರಕ್ಕೂ ಆ ಸಾವಿಗೂ ಯಾವ ಸಂಬಂಧವೂ ಇಲ್ಲ.

ಹಣದ ಮೋಸದಲ್ಲಿ ಈ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಬುದ್ಧಿವಂತರು ಮೋಸಹೋಗುವುದಿಲ್ಲ ಎನ್ನುವವರು ಐಐಟಿ ಬಾಂಬೆಯ ಒಬ್ಬ ವಿದ್ಯಾರ್ಥಿಯ ಪ್ರಕರಣ ನೆನಪಿಡಬೇಕು. ಟೆಲಿಕಾಂ ಅಧಿಕಾರಿಗಳ, ಪೊಲೀಸರ ಸೋಗಿನಲ್ಲಿ ಕರೆ ಮಾಡಿದವರು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಅವನಿಂದ ಏಳು ಲಕ್ಷ ರೂಪಾಯಿಗೂ ಹೆಚ್ಚು ಕಿತ್ತುಕೊಂಡ ಸುದ್ದಿ 2024ರ ನವೆಂಬರ್‌ನಲ್ಲಿ ಬಂತು. ದೇಶದ ಅತಿ ಕಠಿಣ ಪರೀಕ್ಷೆಗಳಲ್ಲಿ ಗೆದ್ದವರ ನಡುವೆ ಓದುವವನ ಬುದ್ಧಿಯೂ ಭಯದ ಮುಂದೆ ಕೆಲಸಕ್ಕೆ ಬರಲಿಲ್ಲ. ವಂಚಕರು ಮೊದಲು ಮಾಡುವುದೇ ಯಾರಿಗೂ ಹೇಳಬೇಡ ಎಂದು ಒಂಟಿಯಾಗಿಸುವುದು. ಆದ್ದರಿಂದ ಇಲ್ಲಿ ಕೆಲಸ ಮಾಡುವ ಏರ್ಪಾಡು ಮನೆಯವರೊಂದಿಗೆ ಮೊದಲೇ ಆದ ಒಪ್ಪಂದ: ಐದು ಸಾವಿರ ಮೀರಿದ ಯಾವ ಹಣವನ್ನೂ ಇನ್ನೊಬ್ಬರಿಗೆ ಹೇಳದೆ ಕಳಿಸುವುದಿಲ್ಲ, ಹೇಳಿದರೆ ಬೈಯುವುದಿಲ್ಲ. ಎರಡನೆಯ ಭಾಗ ಹೆತ್ತವರದು, ಅದೂ ಮೊದಲನೆಯದರಷ್ಟೇ ಮುಖ್ಯ. ಓದಿನ ಖರ್ಚಿನ ಹಣವನ್ನು ಯುಪಿಐಗೆ ಸೇರದ ಖಾತೆಯಲ್ಲಿಟ್ಟು, ದಿನಬಳಕೆಗೆ ಬೇಕಾದಷ್ಟನ್ನು ಮಾತ್ರ ಇನ್ನೊಂದಕ್ಕೆ ಹಾಕಿಕೊಂಡರೆ ನಷ್ಟಕ್ಕೂ ಒಂದು ಮಿತಿ ಇರುತ್ತದೆ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಖಾತೆಯಿಂದ ಖಾತೆಗೆ ಜಿಗಿಯುವ ಹಣವನ್ನು ನಡುವೆಯೇ ತಡೆಯಲು ಮೊದಲ ಗಂಟೆಗಳಲ್ಲಷ್ಟೇ ಅವಕಾಶ. ಪಿನ್ ನಾವೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ತಿಂಗಳಿಗೆ ಇಷ್ಟು ಕೊಡುತ್ತೇವೆ, ನಿನ್ನ ಖಾತೆ ಬಳಸಲು ಕೊಡು ಎಂದು ಬರುವವರ ಬಗ್ಗೆಯೂ ಹೊಸ ವಿದ್ಯಾರ್ಥಿಗಳಿಗೆ ಹೇಳಬೇಕು. ಮೋಸದ ಹಣ ಹಾದುಹೋಗುವುದು ಇಂಥ ಬಾಡಿಗೆ ಖಾತೆಗಳ ಮೂಲಕ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಆ ಖಾತೆಯ ಹೆಸರಿನವರದು.

ಇಷ್ಟಾದ ಮೇಲೂ ಒಬ್ಬರು ಕೇಳಬಹುದು: ರೈಲ್ವೆ ಬದಲಾಗಲು ವರ್ಷಗಳು ಬೇಕು, ಪೊಲೀಸರು ಸುಧಾರಿಸಲು ಇನ್ನೂ ಹೆಚ್ಚು; ನಾಳೆ ಬೆಳಿಗ್ಗೆ ಗಾಡಿ ಹತ್ತಬೇಕಾದ ಹುಡುಗನಿಗೆ ಹುಷಾರಾಗಿರು ಎನ್ನುವುದಲ್ಲದೆ ಬೇರೇನು ಹೇಳಲಿ? ಗಂಭೀರ ಪ್ರಶ್ನೆಯಿದು. ಮುಂಬಯಿಯ ಉಪನಗರ ರೈಲುಮಾರ್ಗದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಎದುರುಬದುರು ಹಾದುಹೋದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದವರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡ ಮೇಲೆಯೇ, ಸಾಮಾನ್ಯ ಲೋಕಲ್‌ಗಳಿಗೂ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬೇಕೆಂಬ ತೀರ್ಮಾನ ರೈಲ್ವೆಯಿಂದ ಬಂತು. ಅಲ್ಲಿಯವರೆಗೆ ಕಾಯಲಾಗದು, ನಿಜ. ಆದರೆ ಹುಡುಗ ಬಾಗಿಲಲ್ಲಿ ಜೋತುಬೀಳುವುದು ಅಜಾಗ್ರತೆಯಿಂದ ಎಂದು ಏಕೆ ಭಾವಿಸಬೇಕು? ಮುಂಬಯಿ ವಿಶ್ವವಿದ್ಯಾಲಯದಲ್ಲಿ ಶೇಕಡಾ 75 ಹಾಜರಿ ಕಡ್ಡಾಯ. ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಕಾದರೆ ಮೊದಲ ಪಾಠ ತಪ್ಪುತ್ತದೆ, ಹಾಜರಿ ಹೋಗುತ್ತದೆ, ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಭಯ. ಗಾಡಿ ತಡವಾದ ದಿನ, ಮಳೆಗೆ ಕುರ್ಲಾದಿಂದಾಚೆ ಹಳಿ ಮುಳುಗಿದ ದಿನ ಮೊದಲ ಪಾಠದ ಹಾಜರಿಯನ್ನು ಕಡ್ಡಾಯ ಮಾಡುವುದಿಲ್ಲ ಎಂದು ಒಂದು ಕಾಲೇಜು ಜೂನ್‌ನಲ್ಲೇ ಲಿಖಿತವಾಗಿ ತಿಳಿಸಿದರೆ, ಅದಕ್ಕೆ ಖರ್ಚಿಲ್ಲ, ಯಾರ ಅನುಮತಿಯೂ ಬೇಡ, ಮರುದಿನದಿಂದಲೇ ಎಷ್ಟೋ ಮಕ್ಕಳು ಓಡುವುದನ್ನು ಬಿಡುತ್ತಾರೆ. ಸಣ್ಣ ಏರ್ಪಾಡುಗಳು ಬೇಗ ಆಗುತ್ತವೆ ಎಂಬುದಕ್ಕೆ ಘಾಟ್ಕೋಪರ್ ನಿಲ್ದಾಣವೇ ಉದಾಹರಣೆ. ಹಳಿಯ ಮೇಲೆ ಗಾಯಗೊಂಡವರಿಗೆ ಕೂಡಲೇ ಚಿಕಿತ್ಸೆ ಸಿಗಲೆಂದು 2017ರಲ್ಲಿ ಸೆಂಟ್ರಲ್ ರೈಲ್ವೆಯ ಕೆಲವು ನಿಲ್ದಾಣಗಳಲ್ಲಿ ಒಂದು ರೂಪಾಯಿ ಕ್ಲಿನಿಕ್ಕುಗಳು ತೆರೆದಾಗ ಇದೂ ಅವುಗಳಲ್ಲಿ ಸೇರಿತ್ತು.

ಏರ್ಪಾಡು ಮಾಡುವುದು ಮುಂಬಯಿ ಕನ್ನಡಿಗರಿಗೆ ಹೊಸತೂ ಅಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುತ್ತಿದ್ದ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಊರಿನಿಂದ ಬಂದ ಹುಡುಗನಿಗೆ ಮಲಗಲು ಜಾಗ, ಟ್ರಂಕು ಇಡಲು ಮೂಲೆ, ಜ್ವರ ಬಂದರೆ ಕೇಳುವವರು ಯಾರು ಎಂಬುದು ಅವನು ಬೋಟಿನಿಂದಲೋ ಬಸ್ಸಿನಿಂದಲೋ ಇಳಿಯುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಆ ಕಾಲದ ದುಡಿಮೆ ಕಠಿಣವಾಗಿತ್ತು, ಶೋಷಣೆಯೂ ಇತ್ತು. ಅದನ್ನು ಮರೆತು ಹೊಗಳುವುದು ಸಲ್ಲ. ಆದರೆ ಹುಡುಗನ ಸುರಕ್ಷತೆ ಹುಡುಗನೊಬ್ಬನದೇ ಹೊಣೆಯೆಂದು ಅಂದು ಯಾರೂ ತಿಳಿದಿರಲಿಲ್ಲ. ಇಂದು ಓದಲು ಬರುವವರು ಪ್ರವೇಶವನ್ನು ಆನ್‌ಲೈನ್‌ನಲ್ಲಿ ಪಡೆದು, ಖೋಲಿಯನ್ನು ಆ್ಯಪಿನಲ್ಲಿ ಹುಡುಕಿ, ಯಾರ ಪರಿಚಯವೂ ಇಲ್ಲದೆ ಇಳಿಯುತ್ತಾರೆ. 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, 1933ರ ಕರ್ನಾಟಕ ಸಂಘಗಳಿಂದ ಹಿಡಿದು ಉಪನಗರಗಳ ಚಿಕ್ಕ ಚಿಕ್ಕ ಕನ್ನಡ ಸಂಘಗಳವರೆಗೆ, ವಿದ್ಯಾರ್ಥಿವೇತನ ಹಂಚುವುದಕ್ಕೆ, ಪ್ರತಿಭಾ ಪುರಸ್ಕಾರಕ್ಕೆ ಸಭೆ ಕರೆಯುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಕಾಲೇಜು ಶುರುವಾಗುವ ವಾರದ ಒಂದು ಭಾನುವಾರ ಅಂಥದೇ ಸಭಾಂಗಣದಲ್ಲಿ ಹೊಸ ವಿದ್ಯಾರ್ಥಿಗಳನ್ನು ಕೂರಿಸಿ, ಸಿಮ್ಮಿಗೆ ಪಿನ್ ಹಾಕಿಸಿ, ಐಎಂಇಐ ಬರೆಸಿ, ಬಾಡಿಗೆ ಕರಾರನ್ನು ಒಬ್ಬ ವಕೀಲರಿಂದ ಓದಿಸಿ, ಹತ್ತಿರದ ಠಾಣೆಯ ಅಧಿಕಾರಿಯೊಬ್ಬರ ಪರಿಚಯ ಮಾಡಿಸಿ, ರಾತ್ರಿ ಎಷ್ಟು ಹೊತ್ತಿಗಾದರೂ ಕರೆ ಎತ್ತುವ ಇಬ್ಬರು ಹಿರಿಯರ ನಂಬರು ಕೊಟ್ಟು ಕಳಿಸಬಹುದು. ಹೆಣ್ಣುಮಕ್ಕಳಿಗೆ ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಬೇಕು. ಬೇಕಾಗುವ ಖರ್ಚು ಒಂದು ಹೊತ್ತಿನ ಉಪಾಹಾರ ಮತ್ತು ಕೆಲವು ಜೆರಾಕ್ಸ್ ಪ್ರತಿಗಳದ್ದು. ಈ ಜೂನ್‌ನಲ್ಲಿ ಒಂದು ಸಂಘ ಶುರುಮಾಡಿದರೂ ಸಾಕು, ಮುಂದಿನ ಜೂನ್‌ಗೆ ಉಳಿದವರು ಅದರ ಪಟ್ಟಿಯನ್ನು ಕೇಳಿ ಪಡೆಯುತ್ತಾರೆ.